ಹನ್ನೊಂದನೆಯ ಚೀಲ

"ಹನ್ನೊಂದು," ಎಂದ ಡೇವಿಸ್.

ಪರೀಕ್ಷೆಯ ಕೋಣೆಯಲ್ಲಿ ಹುಡುಗನೊಬ್ಬನ ರಿಜಿಸ್ಟರ್ ನಂಬರು ಕೂಗಿದ ಹಾಗಿತ್ತು. ಯಾರೂ ಎದ್ದು ನಿಲ್ಲಲಿಲ್ಲ. ಇಗರ್ಜಿಯ ಗಂಟೆ ಬಾರಿಸುವ ಕಪ್ಯಾರ್ ಸ್ಕರಿಯ ಮಾತ್ರ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು, ಅದರ ತುದಿಯನ್ನು ನಾಲಗೆಗೆ ತಾಗಿಸಿಕೊಂಡು, ಗೋಡೆಗೆ ಅಂಟಿಸಿದ ಹಾಳೆಯ ಮುಂದೆ ನಿಂತ. ಒಂದರಿಂದ ಮೂವತ್ತರ ತನಕ ಬರೆದ ಅಂಕಿಗಳಲ್ಲಿ ಹನ್ನೊಂದನ್ನು ಹುಡುಕಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹತ್ತರ ಕೆಳಗೇ ಇದೆ ಎಂದು ಹೇಳಬೇಕೆನ್ನಿಸಿತು ಡೇವಿಸನಿಗೆ.

ಗೆರೆ ಬಿತ್ತು. ತೆಳ್ಳಗಿನ, ನೇರವಾದ ಗೆರೆ.

"ಹನ್ನೊಂದು ಯಾಕೆ ಸಾರೇ?" ಸ್ಕರಿಯನ ಬೆನ್ನು ಇನ್ನೂ ಈ ಕಡೆಗೇ ಇತ್ತು.

"ಕಾರಣ ಉಂಟು."

"ಇರಲಿ. ಸುಮ್ಮನೆ ಕೇಳಿದ್ದು."

ಕಡಬದ ರಸ್ತೆಯ ಮಗ್ಗುಲಲ್ಲಿ, ಇಗರ್ಜಿಯ ಹಿಂದೆ ಇರುವ ಈ ಕಟ್ಟಡ ಮೊದಲು ರಬ್ಬರ್ ಶೀಟುಗಳಿಗೆ ಹೊಗೆ ಹಾಕುವ ಹೊಗೆಮನೆಯಾಗಿತ್ತು. ಗೋಡೆ ಈಗಲೂ ಕಪ್ಪು. ಈಗ ಇದು ಹಿಡಿಯಕ್ಕಿ ಸಂಘದ ಗೋದಾಮು. ತಿರುವಾಂಕೂರಿನ ಕಡೆಯಿಂದ ಕಾಡು ಕಡಿದು ಕೃಷಿ ಮಾಡಲು ಬಂದವರು ಕತ್ತಿ ಗುದ್ದಲಿಯ ಜೊತೆಗೇ ತಂದ ಕ್ರಮ: ಅನ್ನಕ್ಕೆಂದು ಅಕ್ಕಿ ಅಳೆದ ಮೇಲೆ ಮನೆಯ ಹೆಂಗಸು ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಕಡಿಮೆಯಾದದ್ದು ಉಣ್ಣುವವರಿಗೆ ಗೊತ್ತಾಗಬಾರದು. ಶನಿವಾರ ಡಬ್ಬಿಗಳು ಗೋದಾಮಿಗೆ ಬರುತ್ತವೆ. ಎಲ್ಲವನ್ನೂ ಪತ್ತಾಯಕ್ಕೆ ಸುರಿಯುತ್ತಾರೆ. ಎದೆಯೆತ್ತರದ, ಹಲಸಿನ ಹಲಗೆಯ ಪೆಟ್ಟಿಗೆ ಅದು. ಮೇಲಿನಿಂದ ಸುರಿದದ್ದನ್ನು ಕೆಳಗಿನ ಕಂಡಿಯಿಂದ ತೆಗೆಯುವುದು. ಅಲ್ಲಿಂದ ಮೂರು ಮೂರು ಸೇರಿನ ಚೀಲ ತುಂಬಿ ಇಲ್ಲದವರಿಗೆ.

ಇಲ್ಲದವರು ಯಾರೆಂದು ಯಾರಿಗೂ ಗೊತ್ತಿರಬಾರದು. ಅದು ಸಂಘದ ಮೊದಲ ನಿಯಮ. ಚೀಲಕ್ಕೆ ಹೆಸರಿಲ್ಲ, ನಂಬರು. ಯಾವ ನಂಬರು ಯಾವ ಮನೆ ಎಂಬುದು ಇಗರ್ಜಿಯ ಪಾದ್ರಿ ವಿಕಾರಿಯಚ್ಚನೊಬ್ಬರಿಗೆ ಗೊತ್ತು. ಸಂಜೆ ಚೀಲಗಳನ್ನು ಹಿಂಬಾಗಿಲ ಒಳಗೆ ಸಾಲಾಗಿ ಇಟ್ಟು, ಕೆಲಸ ಮಾಡಿದವರೆಲ್ಲ ಮುಂದಿನ ಮೆಟ್ಟಿಲಿಗೆ ಬಂದು, ರಸ್ತೆಯ ಕಡೆ ಮುಖ ಮಾಡಿ ಕೂರಬೇಕು. ಆರರ ಗಂಟೆ ಬಾರಿಸುವ ಆಚೀಚೆ ಅರ್ಧ ತಾಸು. ಹಿಂದಿನ ತೋಟದ ಕಾಲುದಾರಿಯಿಂದ ಬಂದವರು ತಮ್ಮ ನಂಬರು ಎತ್ತಿಕೊಂಡು ಹೋಗುತ್ತಾರೆ. ಎಂಥ ಸದ್ದಾದರೂ ತಿರುಗಿ ನೋಡಬಾರದು. ಮುಂದಿನ ಶನಿವಾರ ಬೆಳಗಾಗುವಾಗ ಖಾಲಿ ಚೀಲಗಳು ಹಿಂಬಾಗಿಲ ಗೂಟಕ್ಕೆ ಬಂದು ಸಿಕ್ಕಿಕೊಂಡಿರುತ್ತವೆ.

ಹೀಗಾಗಿ 'ನನಗೂ ಒಂದು ನಂಬರು ಇಡಿ' ಎಂಬ ತಮಾಷೆ ಊರಿನಲ್ಲಿ ಎಲ್ಲರ ಬಾಯಲ್ಲೂ ಉಂಟು. ಇಪ್ಪತ್ತು ಎಕ್ರೆ ರಬ್ಬರ್ ಇದ್ದವನೂ ಹೇಳುತ್ತಾನೆ. ಎಲ್ಲರೂ ಹೇಳಿದರೆ ನಿಜ ಹೇಳಿದವನು ಯಾರೆಂದು ಗೊತ್ತಾಗುವುದಿಲ್ಲವಲ್ಲ.

ಈಸ್ಟರಿಗೆ ಮೊದಲಿನ ಐವತ್ತು ದಿನದ ನೋಂಬಿನಲ್ಲಿ, ಉಪವಾಸದ ಕಾಲದಲ್ಲಿ, ಪತ್ತಾಯ ತುಂಬಿ ಚೆಲ್ಲುತ್ತದೆ. ಈಸ್ಟರ್ ಕಳೆದ ಮೇಲೆ ಮನೆಮನೆಗೆ ಮೀನು ಮಾಂಸ ವಾಪಸು ಬರುತ್ತದೆ, ಹೆಂಗಸರ ಹಿಡಿ ಸಣ್ಣದಾಗುತ್ತದೆ. ಈಸ್ಟರಿನ ನಂತರದ ಎರಡನೆಯ ಶನಿವಾರ ಇದು. ಹೇಗೆ ಅಳೆದರೂ ಇಪ್ಪತ್ತೊಂಬತ್ತು ಚೀಲ.

ಅಳತೆ ಕಡಿಮೆ ಮಾಡುವಂತಿಲ್ಲ. ಎಪ್ಪತ್ತಾರನೆಯ ಇಸವಿಯಲ್ಲಿ ಒಮ್ಮೆ ಮಾಡಿದ್ದರು. ಚೀಲ ಹಗುರವಾದದ್ದು ತನ್ನೊಬ್ಬನದೇ ಎಂದು ಮೂವತ್ತು ಮನೆಯವರೂ ಎಣಿಸಿಕೊಂಡರು. ಯಾರ ಹತ್ತಿರ ಕೇಳುವುದು? ಮರುವಾರ ಹನ್ನೆರಡು ಮಂದಿ ಬರಲೇ ಇಲ್ಲ. ಅಂದಿನಿಂದ ಕೊಟ್ಟರೆ ಮೂರು ಸೇರು, ಇಲ್ಲವಾದರೆ ಇಲ್ಲ. ತೆಗೆದುಹಾಕಿದ ನಂಬರು ಕೊಯ್ಲಿನ ತನಕ, ಅಂದರೆ ಇನ್ನು ಆರು ತಿಂಗಳು, ಹೊರಗೆ.

ಅಚ್ಚನ್ ಹತ್ತು ದಿನದ ಧ್ಯಾನಕ್ಕೆ ಹೋಗಿದ್ದರು. ಹೋಗುವಾಗ ಸ್ಕರಿಯನ ಕೈಯಲ್ಲಿ ಚೀಟಿ ಕೊಟ್ಟಿದ್ದರು: ಕಡಿಮೆ ಬಿದ್ದರೆ ಒಂದು ನಂಬರು ತೆಗೆಯಿರಿ. ಡೇವಿಸ್ ಸಾರ್ ತೆಗೆಯಲಿ. ಅವರಿಗೆ ಯಾರದೂ ಗೊತ್ತಿಲ್ಲ.

ಬೆಳಿಗ್ಗೆ ಅದನ್ನು ಓದಿದಾಗ ಡೇವಿಸನಿಗೆ ಸಣ್ಣ ಹೆಮ್ಮೆಯಾಗಿತ್ತು. ಎಂ.ಎ. ಸರ್ಟಿಫಿಕೇಟಿನಲ್ಲಿ ಕೂಡ ಅವನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಬರೆದಿರಲಿಲ್ಲ.

ಅವನು ಪುತ್ತೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಲೆಕ್ಚರರ್. ಮೂವತ್ತೆರಡು ವರ್ಷ, ಬಾಡಿಗೆ ಕೋಣೆ. ಆರು ತಿಂಗಳಿಂದ ಪ್ರತಿ ಶನಿವಾರ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾನೆ. ಬರುತ್ತೀರಾ ಎಂದು ಅಚ್ಚನ್ ಕೇಳಿದ್ದರು. ಇಲ್ಲ ಎನ್ನಲು ಒಂದು ಕಾರಣ ಬೇಕು. ಹೂಂ ಎನ್ನಲು ಏನೂ ಬೇಡ.

ಆಮೇಲೆ ಕಾರಣವನ್ನು ಅವನೇ ಸ್ಕರಿಯನಿಗೆ ವಿವರಿಸಿದ. ಕೇಳದಿದ್ದರೂ ವಿವರಿಸುವುದು ಉದ್ಯೋಗದಿಂದ ಬಂದ ಅಭ್ಯಾಸ. ವಾಪಸು ಬರುವ ಚೀಲಗಳನ್ನು ತಾನು ಗಮನಿಸಿದ್ದೇನೆ ಎಂದ. ನಾಲ್ಕರ ಚೀಲದಲ್ಲಿ ಚಿಮಿಣಿ ಎಣ್ಣೆಯ ವಾಸನೆ. ಹತ್ತೊಂಬತ್ತಕ್ಕೆ ಪ್ರತಿ ಸಲ ಕೆಸರು. ಇಪ್ಪತ್ತಾರನ್ನು ಇಲಿ ಕಡಿದಿದೆ. ಹನ್ನೊಂದು ಮಾತ್ರ ಸೋಪು ಹಾಕಿ ಒಗೆದು, ನೀಲಿ ಅದ್ದಿ, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಚಿ ಬರುತ್ತದೆ. ಸೋಪು ಖರೀದಿಸುವ, ಕುಡಿಯಬಹುದಾದ ಗಂಜಿಯನ್ನು ಬಟ್ಟೆಗೆ ಹಾಕುವ ಮನೆಯಲ್ಲಿ ಹಸಿವು ಇರಲು ಸಾಧ್ಯವಿಲ್ಲ.

ಸ್ಕರಿಯ ಪೂರ್ತಿ ಕೇಳಿದ. ಅವನ ಕೈ ಹನ್ನೆರಡನೆಯ ಚೀಲದ ಬಾಯಿ ಕಟ್ಟುತ್ತಿತ್ತು.

"ಹೌದು," ಎಂದ. "ಓದಿದವರಿಗೆ ಮಾತ್ರ ಕಾಣುವ ವಿಷಯ."

ಸ್ಕರಿಯನಿಗೆ ಅರುವತ್ತು ದಾಟಿತ್ತು. ಊರಿಗೆಲ್ಲ ಚೇಟ್ಟ, ಅಂದರೆ ಅಣ್ಣ. ಮಾತಿನ ಮನುಷ್ಯ. ಡೇವಿಸನ ಹತ್ತಿರ ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದ. ಮಲಯಾಳ ದೇವರಿಗೆ ಅರ್ಥವಾಗುತ್ತದೆ, ಬಸ್ಸಿನ ಕಂಡಕ್ಟರನಿಗೆ ಆಗುವುದಿಲ್ಲ, ಮೂವತ್ತು ವರ್ಷದಲ್ಲಿ ತಾನು ಕಲಿತದ್ದು ಅಷ್ಟೇ ಎಂದು ಹೇಳುತ್ತಿದ್ದ. ಎರಡು ವರ್ಷದ ಹಿಂದೆ, ಈ ಊರಿನಲ್ಲಿ ಒಬ್ಬರೇ ಇದ್ದ ಡೇವಿಸನ ಅಪ್ಪ ತೀರಿಕೊಂಡಾಗ ಗಂಟೆ ಬಾರಿಸಿದವನು ಅವನೇ. ಆ ದಿನ ಡೇವಿಸ್ ಅಳು ಬರುತ್ತದೆಂದು ಕಾಯುತ್ತ, ಅದು ಬರುವ ತನಕ ಇರಲೆಂದು ಗಂಟೆಯ ಪೆಟ್ಟುಗಳನ್ನು ಎಣಿಸಿದ್ದ. ಎಪ್ಪತ್ತೊಂದು. ಅಪ್ಪನ ವಯಸ್ಸು. ಅಷ್ಟರಲ್ಲಿ ಮುಗಿದೇ ಹೋಯಿತು.

ಇವತ್ತು ಸ್ಕರಿಯ ಮಾತಾಡಲಿಲ್ಲ. ಒಳ್ಳೆಯದೇ ಆಯಿತೆಂದುಕೊಂಡ ಡೇವಿಸ್. ಸೆಕೆ ಬಹಳ ಇತ್ತು.

ಹತ್ತೂವರೆಗೆ ಕುಕ್ಕಪ್ಪ ಗೌಡ ಬಂದ. ಸುಳ್ಯದ ಕಡೆಯವನು, ಅವನ ಓಣಿಯ ಏಳು ಗೌಡರ ಮನೆಗಳಲ್ಲೂ ಹೆಂಗಸರು ನೋಡಿ ಕಲಿತು ಹಿಡಿಯಕ್ಕಿ ತೆಗೆದಿಡತೊಡಗಿದ್ದರು. ಸೈಕಲಿನ ಕ್ಯಾರಿಯರಿಗೆ ಕಟ್ಟಿದ ಗೋಣಿ ಬಿಚ್ಚುತ್ತಾ, ಈ ಸಲ ಏಳರಲ್ಲಿ ನಾಲ್ಕೇ ಮನೆ, ಒಂದು ಕಡೆ ಮದುವೆ, ಇನ್ನೊಂದು ಕಡೆ ಅತ್ತೆ ಸೊಸೆಗೆ ಮಾತಿಲ್ಲ, ಡಬ್ಬಿ ಯಾರ ಹತ್ತಿರ ಉಂಟೆಂದು ಇಬ್ಬರೂ ಹೇಳುವುದಿಲ್ಲ ಎಂದು ಕತೆ ಹೇಳಿದ.

ಸ್ಕರಿಯ ಆ ಗೋಣಿಯನ್ನು ಅಳೆದ. ಮೂರು ಸೇರು. ಪುನಃ ಗೋಣಿಗೇ ಸುರಿದು ಇನ್ನೊಮ್ಮೆ ಅಳೆದ.

"ಅದು ಲೆಕ್ಕದಲ್ಲಿ ಉಂಟು ಚೇಟ್ಟಾ," ಎಂದ ಡೇವಿಸ್. "ಅದು ಬರ್ತದೆಂದು ಹಿಡಿದೇ ಇಪ್ಪತ್ತೊಂಬತ್ತು."

"ಉಂಟು ಉಂಟು," ಎಂದ ಸ್ಕರಿಯ. ಮೂರನೆಯ ಸಲ ಸೇರಿನ ತಲೆಯನ್ನು ಬೆರಳಿನಿಂದ ಸವರಿ, ಅಂಚಿನಲ್ಲಿ ನಿಂತ ನಾಲ್ಕು ಕಾಳು ಪತ್ತಾಯಕ್ಕೆ ಬೀಳಿಸಿದ.

ಕುಕ್ಕಪ್ಪ ಗೋಡೆಯ ಹಾಳೆ ನೋಡಿದ. "ಓಹೋ, ಒಬ್ಬನ ತಲೆ ಹೋಗಿದೆ. ನನ್ನದಲ್ಲ ತಾನೆ ಮಾರಾಯ್ರೆ?"

ನಿನಗೆ ನಂಬರು ಬೇಡ, ನಿನ್ನ ದನಗಳಿಗೆ ಬೇಲಿ ಬೇಕು ಎಂದು ಸ್ಕರಿಯ ಪ್ರತಿ ವಾರ ಕೊಡುವ ಉತ್ತರ. ಕುಕ್ಕಪ್ಪ ಅದಕ್ಕಾಗಿ ಕಾದು ನಿಂತ. ಬರಲಿಲ್ಲ.

"ಎಂತ ಕಪ್ಯಾರ್ರೆ, ನಾಲಗೆ ಮನೆಯಲ್ಲೇ ಬಿಟ್ಟು ಬಂದದ್ದಾ?"

"ಹೆಂಡತಿಗೆ ಬೇಕಾಗ್ತದೆ ಹೇಳಿದಳು. ಕೊಟ್ಟು ಬಂದೆ," ಎಂದ ಸ್ಕರಿಯ. ಕುಕ್ಕಪ್ಪ ಜೋರಾಗಿ ನಕ್ಕ. ಅವನು ನಗುತ್ತಿದ್ದಾನೆಂದು ಡೇವಿಸನೂ ನಕ್ಕ.

ಅದಾದ ಸ್ವಲ್ಪ ಹೊತ್ತಿಗೆ ಸ್ಕರಿಯ ಮನೆಯ ಕಡೆ ಹೋಗಿ ಬರುತ್ತೇನೆಂದು ಹೊರಟ. ಮೂಲೆಯಲ್ಲಿ ಗೆರಸೆ ಹಿಡಿದು ಅಕ್ಕಿ ಕೇರುತ್ತಿದ್ದ ವತ್ಸಮ್ಮನ ಬಾಯಿ ಅಷ್ಟಕ್ಕೇ ಕಾಯುತ್ತಿದ್ದ ಹಾಗೆ ತೆರೆಯಿತು. ಅವಳು ಹತ್ತಿರದ ತೋಟದ ಲೆಕ್ಕ ಬರೆಯುವ ರೈಟರನ ಹೆಂಡತಿ. ಊರಿನ ಸುದ್ದಿಯನ್ನೂ ಅಕ್ಕಿಯ ಹಾಗೆಯೇ ಕೇರಿ, ಕಲ್ಲು ಬೇರೆ ಕಾಳು ಬೇರೆ ಮಾಡಿ ಹೇಳುವವಳು. ಸ್ಕರಿಯನ ಹೆಂಡತಿ ರೋಸಿಲಿ ಚೇಚಿಗೆ ಫೆಬ್ರವರಿಯಿಂದ ಎಡಗಡೆ ಕೈಕಾಲು ಆಡುವುದಿಲ್ಲವಂತೆ. ನುಂಗಲು ಆಗುವುದು ಗಂಜಿ ಒಂದೇ. ಚೇಟ್ಟನೇ ಬೇಯಿಸುವುದು, ಚೇಟ್ಟನೇ ಕುಡಿಸುವುದು. ಇಗರ್ಜಿಯಿಂದ ಸಿಗುವುದರಲ್ಲಿ ಔಷಧಿಗೆ ಹೋಗಿ ಉಳಿಯುವುದೆಷ್ಟು? ಆದರೆ ಮುಖ ನೋಡಿದರೆ ಗೊತ್ತಾಗುತ್ತದೆಯೇ? ಮೊನ್ನೆ ತಾನು ಎರಡು ಮೊಟ್ಟೆ ಕೊಂಡುಹೋದರೆ, ಡಾಕ್ಟರು ಬೇಡ ಹೇಳಿದ್ದಾರೆಂದು ವಾಪಸು ಕಳಿಸಿದನಂತೆ.

ಡೇವಿಸ್ ಹೂಂಗುಟ್ಟುತ್ತ ಕೇಳಿದ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳ ಮನೆಯ ಕಾಯಿಲೆಗಳನ್ನು ಕೇಳುವ ಹಾಗೆ. ನಿಜವಾದ ದುಃಖವೇ, ಇನ್ನೊಬ್ಬರದು.

ಹೊಲಿಗೆ ಬಿಟ್ಟ ಒಂದು ಚೀಲ ಎತ್ತಿ ತೋರಿಸಿ, ಸೂಜಿ ದಾರ ಇಗರ್ಜಿಯ ಒಳಕೋಣೆಯಲ್ಲಿ, ಪೂಜೆಯ ಬಟ್ಟೆ ಇಡುವಲ್ಲಿ ಇರುತ್ತದೆ, ಸ್ವಲ್ಪ ತರುತ್ತೀರಾ ಎಂದು ವತ್ಸಮ್ಮ ಕೇಳಿದಳು.

ಒಳಕೋಣೆ ತಣ್ಣಗಿತ್ತು. ಕಿಟಕಿಯ ಆಚೆ, ಒಗೆಯುವ ಕಲ್ಲಿನ ಹತ್ತಿರ ಹಗ್ಗದಲ್ಲಿ ಪೂಜೆಯ ಪೀಠ ಅಳ್ತಾರದ ಬಿಳಿ ಬಟ್ಟೆಗಳು ಒಣಗುತ್ತಿದ್ದವು. ಕಲ್ಲಿನ ಮೇಲೆ ಇಗರ್ಜಿಯ ಸೋಪಿನ ತುಂಡು, ನೀಲಿಯ ಪುಟ್ಟ ಗಂಟು, ತಳದಲ್ಲಿ ಗಂಜಿ ಹೆಪ್ಪುಗಟ್ಟಿದ ಬೋಗುಣಿ. ಗೋಡೆಯ ಬದಿಗೆ, ಕೆಂಡ ತುಂಬಿ ಬಟ್ಟೆಯ ಮೇಲೆ ಒತ್ತುವ ಹಿತ್ತಾಳೆಯ ತಂಬಿಗೆ. ವಾರ ವಾರ ಇವುಗಳನ್ನು ಒಗೆಯುವುದು ಕಪ್ಯಾರನ ಕೆಲಸ.

ಮೇಜಿನ ಮೇಲೆ ಒಗೆದಾದವು ಒಟ್ಟಿದ್ದವು. ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು ಮಡಿಕೆ, ಕೊನೆಯ ಮೂಲೆಯನ್ನು ಒಳಗೆ ಸಿಕ್ಕಿಸಿದ್ದು.

ಬೆಳಿಗ್ಗೆ ಅವನು ಕೈಯಲ್ಲಿ ಹಿಡಿದು ನೋಡಿದ್ದ ಹನ್ನೊಂದನೆಯ ಚೀಲದ ಮೂಲೆಯನ್ನೂ ಹೀಗೆಯೇ ಒಳಗೆ ಸಿಕ್ಕಿಸಲಾಗಿತ್ತು. ಅದೇ ನೀಲಿ. ಮೂಗಿನ ಹತ್ತಿರ ಹಿಡಿದ. ಅದೇ ವಾಸನೆ.

ಸೋಪು ಆ ಮನೆಯದಲ್ಲ. ಗಂಜಿಯೂ ಅಲ್ಲ. ದೇವರ ಬಟ್ಟೆ ಅದ್ದಿ ಉಳಿದ ನೀರಿನಲ್ಲಿ ಒಂದು ಚೀಲವನ್ನೂ ಅದ್ದಿ ತೆಗೆಯುತ್ತಿದ್ದ ಕೈಯೊಂದು ಬೆಳಿಗ್ಗೆ ತನ್ನ ಎದುರಿನಲ್ಲಿಯೇ ಪೆನ್ಸಿಲು ಹಿಡಿದು ಗೆರೆ ಎಳೆದಿತ್ತು.

ಇಷ್ಟು ಹೊಳೆದಾಗ ಎದೆ ಬಡಿದುಕೊಳ್ಳಬೇಕಿತ್ತು. ಡೇವಿಸ್ ಸ್ವಲ್ಪ ಹೊತ್ತು ಕಾದ. ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. ಸೂಜಿ ದಾರ ತೆಗೆದುಕೊಂಡು ಹೊರಗೆ ಬಂದ.

ಸ್ಕರಿಯ ಬರುವಾಗ ಡೇವಿಸ್ ಬುತ್ತಿ ಬಿಚ್ಚಿದ್ದ. ವತ್ಸಮ್ಮ ಊಟಕ್ಕೆ ಮನೆಗೆ ಹೋಗಿದ್ದಳು. ಕೊಡದಿಂದ ನೀರು ಬಗ್ಗಿಸಿ ಸ್ಕರಿಯ ಎರಡು ಲೋಟ ಒಂದೇ ಉಸಿರಿಗೆ ಕುಡಿದ. ಹೊಲಿಗೆ ಬಿಟ್ಟ ಚೀಲ ಹಿಡಿದು ಕೂತ.

"ಊಟ ಆಯಿತಾ ಚೇಟ್ಟಾ?"

"ಆಯಿತು."

"ಇಷ್ಟು ಬೇಗ?"

"ಮಾಡಿಟ್ಟದ್ದು ಉಂಟು. ಸಂಜೆಗೆ."

ಡೇವಿಸ್ ಬುತ್ತಿಯ ಮುಚ್ಚಳಕ್ಕೆ ಅರ್ಧ ಅನ್ನ ತೆಗೆದು ಮುಂದೆ ಸರಿಸಿದ. ಸ್ಕರಿಯ ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನನಾದ. ಅನ್ನ ಇಬ್ಬರ ನಡುವೆ ಆರುತ್ತಾ ಕೂತಿತು. ಒಂದು ನೊಣ ಬಂತು. ಡೇವಿಸ್ ಮುಚ್ಚಳವನ್ನು ವಾಪಸು ಎಳೆದುಕೊಂಡ.

ಪುತ್ತೂರಿನಿಂದ ಒಂದು ಮೂಟೆ ಅಕ್ಕಿ ಬಸ್ಸಿನ ಮೇಲೆ ಹಾಕಿ ಕಳಿಸಬಹುದು. ಸಂಬಳ ಬರುತ್ತದೆ, ಖರ್ಚಿಲ್ಲ. ಯಾರ ಹೆಸರಿಗೆ ಕಳಿಸುವುದು? ಹೆಸರು ಬರೆದರೆ ಗೊತ್ತಾಗಿದೆ ಎಂದು ಒಪ್ಪಿಕೊಂಡ ಹಾಗೆ. ಎರಡು ಮೊಟ್ಟೆ ಬಂದ ದಾರಿಯಲ್ಲೇ ಮೂಟೆಯೂ ವಾಪಸು ಹೋಗುತ್ತದೆ.

"ಹನ್ನೊಂದು ಬೇಡ ಅಂತ ಕಾಣ್ತದೆ," ಎಂದ ಅವನು.

ಸ್ಕರಿಯ ದಾರವನ್ನು ಹಲ್ಲಿನಿಂದ ಕಡಿದ. "ಯಾಕೆ? ಕಾರಣ ಉಂಟು ಅಂದ್ರಲ್ಲ."

"ಕಾರಣ ಸರಿ ಇಲ್ಲದೆಯೂ ಇರಬಹುದು."

"ಹಾಗಾದರೆ ಯಾವುದು? ಹೇಳಿ, ಎಳೆಯುವ. ಪೆನ್ಸಿಲು ಇಲ್ಲೇ ಉಂಟು."

ಡೇವಿಸ್ ಹಾಳೆ ನೋಡಿದ. ಬೆಳಿಗ್ಗೆ ಅವು ಅಂಕಿಗಳಾಗಿದ್ದವು. ಈಗ ಪ್ರತಿಯೊಂದರ ಹಿಂದೆಯೂ ಯಾರೋ ಬಾಗಿಲು ಅರ್ಧ ತೆರೆದು ನಿಂತಿದ್ದರು. ನಾಲ್ಕು. ಹತ್ತೊಂಬತ್ತು. ಇಪ್ಪತ್ತಾರು.

"ಯಾವುದಾದರೂ," ಎಂದ.

"ಯಾವುದಾದರೂ ಅಂತ ನಂಬರು ಇಲ್ಲ ಸಾರೇ."

ಹೊರಗೆ ಗಾಳಿಯಿಲ್ಲದೆ ರಬ್ಬರ್ ಮರಗಳು ಸುಮ್ಮನೆ ನಿಂತಿದ್ದವು. ಒಣಗಿದ ಒಂದು ರಬ್ಬರ್ ಕಾಯಿ ಚಟ್ಟೆಂದು ಸಿಡಿಯಿತು. ಸ್ಕರಿಯ ಹೊಲಿದ ಚೀಲವನ್ನು ಮೊಣಕಾಲಿನ ಮೇಲೆ ಹರಡಿ ನೀವಿದ. ಬೆಳಗಿನಿಂದ ಮೊದಲ ಸಲ ತಲೆಯೆತ್ತಿ ಡೇವಿಸನ ಮುಖ ನೋಡಿದ.

"ನಿಮಗೆ ಯಾರದೂ ಗೊತ್ತಿಲ್ಲ. ಅಲ್ವಾ?"

ಪ್ರಶ್ನೆಯೋ, ಬೇಡಿಕೆಯೋ. ಡೇವಿಸನಿಗೆ ಎರಡೂ ಒಂದೇ ಅನ್ನಿಸಿತು.

"ಗೊತ್ತಿಲ್ಲ."

"ಹಾಗಾದರೆ ಇರಲಿ. ಗೊತ್ತಿಲ್ಲದವರು ತೆಗೆದದ್ದು. ಹನ್ನೊಂದರವನು ಯಾರೋ, ಅವನಿಗೂ ಅಷ್ಟು ಸಮಾಧಾನ ಬೇಕಲ್ಲ." ಎದ್ದು ನಿಂತ. "ನಾನಾದರೆ ಹಾಗೆ ಎಣಿಸಿಕೊಳ್ತಿದ್ದೆ. ಇದು ಮಾತಿಗೆ ಹೇಳಿದ್ದು."

ಮಧ್ಯಾಹ್ನವೆಲ್ಲ ಚೀಲ ಕಟ್ಟಿದರು. ವತ್ಸಮ್ಮ ಬಂದು ಮಾತಿನಿಂದ ಗೋದಾಮು ತುಂಬಿಸಿದಳು. ಪತ್ತಾಯದ ಕಂಡಿಯಿಂದ ಕೊನೆಯ ಸೇರು ಬಂತು, ಆಮೇಲೆ ಧೂಳು ಬಂತು. ಐದು ಗಂಟೆಗೆ ಸ್ಕರಿಯ ಚೀಲಗಳನ್ನು ಹಿಂಬಾಗಿಲ ಒಳಗೆ ಸಾಲು ಮಾಡಿ ಇಟ್ಟ. ಹತ್ತನ್ನು ಇಟ್ಟ, ಹನ್ನೆರಡನ್ನು ಅದಕ್ಕೆ ತಾಗಿಸಿ ಇಟ್ಟ. ಸಾಲಿನಲ್ಲಿ ಒಂದು ಕಡಿಮೆ ಇದೆಯೆಂದು ನೋಡಿದ ಯಾರಿಗೂ ಹೊಳೆಯುವಂತಿರಲಿಲ್ಲ.

ದೀಪ ಹಚ್ಚಿ ಆರರ ಗಂಟೆ ಬಾರಿಸಲು ಅವನು ಇಗರ್ಜಿಗೆ ಹೋದ. ವತ್ಸಮ್ಮ ಮುಂದಿನ ಮೆಟ್ಟಿಲಲ್ಲಿ ಆಗಲೇ ಕೂತು ರಸ್ತೆಗೆ ಮುಖ ಮಾಡಿದ್ದಳು. ಒಳಗೆ ಡೇವಿಸ್ ಒಬ್ಬನೇ.

ಅವನೇನೂ ನಿರ್ಧರಿಸಲಿಲ್ಲ. ಕೈ ಹಲಗೆಯ ಮೇಲಿದ್ದ ಹನ್ನೊಂದನೆಯ ಚೀಲ ತೆಗೆಯಿತು. ಮಡಿಕೆ ಬಿಡಿಸುವಾಗ ಗಂಜಿ ಹಾಕಿದ ಬಟ್ಟೆ ಚರಚರ ಎಂದಿತು. ಒಂದನೆಯ ಚೀಲದ ಬಾಯಿ ಬಿಚ್ಚಿ ಎರಡು ಹಿಡಿ ತೆಗೆದ, ಕಟ್ಟಿದ. ಎರಡನೆಯದರಿಂದ ಎರಡು ಹಿಡಿ. ಮೂರನೆಯದರಿಂದ ಎರಡು. ತನ್ನ ಹಿಡಿ ದೊಡ್ಡದೋ ಸಣ್ಣದೋ ಎಂದು ಅವನಿಗೆ ಗೊತ್ತಿರಲಿಲ್ಲ. ಸೇರಿನಿಂದ ಅಳೆದದ್ದಲ್ಲದೆ ಅಕ್ಕಿಯನ್ನು ಹಿಡಿಯಲ್ಲಿ ಹಿಡಿದದ್ದೇ ಇಲ್ಲ. ನಾಲ್ಕರ ಹತ್ತಿರ ಸ್ವಲ್ಪ ತಡೆದ. ಅದರಿಂದಲೂ ತೆಗೆದ. ಎಪ್ಪತ್ತಾರರ ವಿಷಯ ನೆನಪಿಗೆ ಬಂತು. ಬಂದು, ರಸ್ತೆಯಲ್ಲಿ ಬಸ್ಸು ಹೋದ ಹಾಗೆ ಹೋಯಿತು.

ಇಪ್ಪತ್ತೊಂಬತ್ತು ಚೀಲ, ಐವತ್ತೆಂಟು ಹಿಡಿ. ಹನ್ನೊಂದು ತುಂಬಿತು. ಹತ್ತನ್ನೂ ಹನ್ನೆರಡನ್ನೂ ಕಾಲಿನಿಂದ ದೂರ ಸರಿಸಿ ಅದನ್ನು ನಡುವೆ ಇಟ್ಟ. ಮೈಯಲ್ಲಿ ಏನೋ ಬೆಚ್ಚಗೆ ಹರಿದ ಹಾಗಾಯಿತು. ಸಂತೋಷವೇ ಎಂದು ಪರೀಕ್ಷಿಸಿದ. ಬೆವರು.

ಮೆಟ್ಟಿಲಲ್ಲಿ ವತ್ಸಮ್ಮನ ಪಕ್ಕ ಕೂತ. ರಸ್ತೆಯಲ್ಲಿ ಒಂದು ಜೀಪು, ಒಂದು ನಾಯಿ. ಹಿಂದೆ ಒಣಗಿದ ಎಲೆ ತುಳಿಯುವ ಸದ್ದು ಶುರುವಾಯಿತು. ಬರುವಾಗ ಹೆಜ್ಜೆ ಹಗುರ, ಹೋಗುವಾಗ ಭಾರ. ಆರು ತಿಂಗಳಿಂದ ಕೇಳಿ ಅವನಿಗೆ ಅಭ್ಯಾಸವಾಗಿತ್ತು. ಆದರೆ ಇವತ್ತು ಬಂದವರು ಎತ್ತಿದ ಮೇಲೆ ಒಂದು ಕ್ಷಣ ನಿಲ್ಲುತ್ತಿದ್ದರು. ಯಾರೋ ಒಬ್ಬಳು, ಬಳೆಯ ಸದ್ದು, ಎತ್ತಿದಳು, ಕೆಳಗಿಟ್ಟಳು, ಮತ್ತೆ ಎತ್ತಿದಳು. ಅವಳ ನಂತರದವನೂ ಹಾಗೆಯೇ. ಪ್ರತಿಯೊಬ್ಬರೂ ತಮ್ಮ ತಮ್ಮ ಕೈಯಲ್ಲಿ ತೂಗಿ ನೋಡಿ, ಯಾರನ್ನೂ ಕೇಳದೆ ಹೋಗುತ್ತಿದ್ದರು.

ಗಂಟೆ ಮೊಳಗಿತು. ವತ್ಸಮ್ಮ ಶಿಲುಬೆ ಗುರುತು ಮಾಡಿಕೊಂಡು ಜಪ ಶುರು ಮಾಡಿದಳು.

ಜಪ ಮುಗಿಯುವ ಹೊತ್ತಿಗೆ ಕೊನೆಯ ಹೆಜ್ಜೆ ಬಂತು. ಕಾಲುದಾರಿಯಿಂದಲ್ಲ, ಇಗರ್ಜಿಯ ಕಡೆಯಿಂದ. ಬಾಗಿಲ ಹತ್ತಿರ ಬಂದು ನಿಂತಿತು. ಬಹಳ ಹೊತ್ತು ನಿಂತಿತು. ಡೇವಿಸ್ ಕತ್ತನ್ನು ರಸ್ತೆಯ ಕಡೆಗೆ ಗಟ್ಟಿಯಾಗಿ ಹಿಡಿದುಕೊಂಡ. ತಿರುಗಿ ನೋಡಬಾರದೆಂಬ ನಿಯಮ ಮಾಡಿದವರು ಯಾರೋ, ಅವರ ಬಗ್ಗೆ ಅವನಿಗೆ ಕೃತಜ್ಞತೆ ಹುಟ್ಟಿತು. ಎತ್ತು, ಎಂದು ಮನಸ್ಸಿನಲ್ಲೇ ಹೇಳಿದ. ಎತ್ತು.

ಹೆಜ್ಜೆ ಹೋಯಿತು. ಹೋಗುವಾಗಲೂ ಬಂದಷ್ಟೇ ಹಗುರ.

ವತ್ಸಮ್ಮ ಸೆರಗು ಕೊಡವಿ, ಬರುತ್ತೇನೆ ಎಂದು ಎದ್ದು ಹೋದಳು. ಸ್ಕರಿಯ ಲಾಟೀನು ಹಿಡಿದು ಸುತ್ತು ಬಳಸಿ ಮುಂದಿನಿಂದಲೇ ಬಂದ. ಒಳಗೆ ಹೋದ.

"ಒಂದು ಉಳಿದಿದೆ ಸಾರೇ," ಎಂದ.

"ಯಾವುದು?"

ಲಾಟೀನು ಅವನ ಕೈಯಲ್ಲೇ ಇತ್ತು. ಅದರ ಬೆಳಕು ಚೀಲದ ಮೇಲೆಯೇ ಬಿದ್ದಿತ್ತು.

"ಕತ್ತಲೆ. ನಂಬರು ಕಾಣುದಿಲ್ಲ," ಎಂದ ಸ್ಕರಿಯ. "ಉಳಿದದ್ದನ್ನು ಪತ್ತಾಯಕ್ಕೆ ಸುರಿಯುದು ಕ್ರಮ. ಒಂದು ಕೈ ಹಿಡೀರಿ."

"ನಾಳೆ ಯಾರಾದರೂ ಬಂದರೆ?"

"ಬರುದಿಲ್ಲ."

ಇಬ್ಬರೂ ಚೀಲದ ಒಂದೊಂದು ಕಿವಿ ಹಿಡಿದರು. ಸ್ಕರಿಯನ ಕೈ ಬೆಚ್ಚಗಿತ್ತು, ಒರಟಾಗಿತ್ತು. ಬೆಳಗಿನ ಹಾಗೆ ಚೀಲ ಖಾಲಿಯೇ ಉಳಿದಿದ್ದರೆ ಆ ಕೈಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ. ಖಾಲಿ ಪತ್ತಾಯದ ತಳಕ್ಕೆ ಅಕ್ಕಿ ಬಿದ್ದ ಸದ್ದು ಬಹಳ ದೂರದಿಂದ ಬಂದ ಹಾಗೆ ಬಂತು. ಆಮೇಲೆ ಅದೂ ನಿಂತಿತು.

"ಮುಂದಿನ ವಾರ ನೀವು ಬರುದು ಬೇಡ," ಎಂದ ಸ್ಕರಿಯ. ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯಿಲೆಯವರಿಗೆ ಹೇಳುವ ದನಿ. "ರಜೆ ಅಲ್ವಾ. ಪುತ್ತೂರಿನಲ್ಲಿ ಸ್ವಲ್ಪ ಆರಾಮ ಮಾಡಿ. ಲಾಟೀನು ಇಲ್ಲಿಡ್ತೇನೆ. ಬಸ್ಸು ಬರುವಾಗ ನಂದಿಸಿ, ಬಾಗಿಲು ಎಳೆದುಕೊಳ್ಳಿ. ಅವಳಿಗೆ ಗಂಜಿ ಕೊಡುವ ಹೊತ್ತಾಯಿತು."

"ಚೇಟ್ಟಾ," ಎಂದ ಡೇವಿಸ್.

ಸ್ಕರಿಯ ಬಾಗಿಲಲ್ಲಿ ನಿಂತ. ಕಾದ. ಸ್ಕರಿಯ ತಲೆಯಾಡಿಸಿ, ಮಾತು ಮುಗಿಯಿತೆಂಬಂತೆ, ಹೋದ.

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಇನ್ನೂ ಎರಡು ತಿರುವು ಆಚೆ.

ಡೇವಿಸ್ ಪತ್ತಾಯದ ಹತ್ತಿರ ಬಂದ. ಬಿದ್ದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ನೋಡಬೇಕೆನ್ನಿಸಿತು. ಯಾಕೆಂದು ಗೊತ್ತಾಗಲಿಲ್ಲ. ಯಾರಿಗೂ ಕೊಡಲಿಕ್ಕಲ್ಲ. ಕೆಳಗಿನ ಕಂಡಿ ತೆರೆದರೆ ಸಾಕಿತ್ತು, ಅದು ಹೊಳೆಯಲಿಲ್ಲ. ಅಂಚಿನ ಮೇಲೆ ಎದೆಯೂರಿ ಬಗ್ಗಿ ಕೈ ಇಳಿಸಿದ. ಮೊಣಕೈ ತನಕ, ತೋಳಿನ ತನಕ. ಒಳಗೆ ಹಳೆಯ ಹೊಗೆಯ ವಾಸನೆ. ಮುಖ ಕತ್ತಲೆಯೊಳಗೆ ಹೋಯಿತು. ತನ್ನ ಉಸಿರು ನಾಲ್ಕೂ ಹಲಗೆಗಳಿಗೆ ತಾಗಿ ಬೇರೆ ಯಾರದೋ ಉಸಿರಾಗಿ ಕಿವಿಗೆ ವಾಪಸು ಬಂತು. ಇನ್ನಷ್ಟು ಬಗ್ಗಿದ. ಬೆರಳುಗಳನ್ನು ಚಾಚಿದ. ಚಪ್ಪಲಿ ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದವು.

ಹೊರಗೆ ಬಸ್ಸು ಬಂದು ನಿಂತು, ಎರಡು ಸಲ ಹಾರನ್ನು ಹಾಕಿತು. ಅವನ ಕಾಲುಗಳು ನೆಲ ಬಿಟ್ಟಿದ್ದವು. ಬೆರಳಿಗೆ ಇನ್ನೂ ಏನೂ ಸಿಕ್ಕಿರಲಿಲ್ಲ.